ನಲವತ್ತರ ನಂತರದ ಆರೋಗ್ಯ ತಪಾಸಣೆ: ಏನು ಮಾಡಿಸಬೇಕು, ಹೇಗೆ ಮಾಡಿಸಬೇಕು

ಮೈಸೂರಾಗಲಿ ಮಂಡ್ಯವಾಗಲಿ, ಲ್ಯಾಬಿನ ಮುಂದೆ ‘ಫುಲ್ ಬಾಡಿ ಚೆಕಪ್, 70 ಪರೀಕ್ಷೆ’ ಎಂಬ ಬ್ಯಾನರ್ ಈಗ ಮಾಮೂಲಿ. ಆ ಎಪ್ಪತ್ತನ್ನು ಬಿಡಿಸಿ ನೋಡಿ. ರಕ್ತಕಣಗಳ ಎಣಿಕೆ, ಅಂದರೆ ಸಿಬಿಸಿ, ಒಂದೇ ಟ್ಯೂಬಿನ ರಕ್ತದಿಂದ ಯಂತ್ರ ಒಂದೇ ಸಲಕ್ಕೆ ಕೊಡುವ 20ರಷ್ಟು ಅಂಕಿಗಳು. ಲಿವರ್‌ಗೆ ಹತ್ತರಷ್ಟು, ಕೊಲೆಸ್ಟ್ರಾಲ್‌ಗೆ ಏಳೆಂಟು, ಮೂತ್ರಕ್ಕೆ ಇನ್ನೊಂದು ಹತ್ತು ಹದಿನೈದು. ಎಪ್ಪತ್ತು ತುಂಬುವುದು ಹೀಗೆ. ಬಿಪಿ ನೋಡುವುದು, ಸೊಂಟಕ್ಕೆ ಟೇಪು ಹಿಡಿಯುವುದು, ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡುವುದು, ಗರ್ಭಕಂಠದ ಪರೀಕ್ಷೆ, ಕಣ್ಣಿನ ಒಳಒತ್ತಡ ಇವು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇರುವುದಿಲ್ಲ. ನಡುವಯಸ್ಸು ದಾಟಿದವರ ಜೀವ ಕಾಯುವ ತಪಾಸಣೆಗಳಲ್ಲಿ ಎಷ್ಟೋ ಸೂಜಿ ಚುಚ್ಚದೆ ಆಗುವಂಥವು.

2023ರಲ್ಲಿ ಪ್ರಕಟವಾದ ಐಸಿಎಂಆರ್ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಜನರಿಗೆ ಸಕ್ಕರೆ ಕಾಯಿಲೆ, ಶೇ 35.5ರಷ್ಟು ಜನರಿಗೆ ಅಧಿಕ ರಕ್ತದೊತ್ತಡ ಇದೆ. ಎರಡೂ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತವೆ. ಗದ್ದೆಯಲ್ಲಿ ದಿನವಿಡೀ ದುಡಿಯುವವರಿಗೂ ಬರುತ್ತವೆ. ‘ನನಗೆ ತಲೆಸುತ್ತಿಲ್ಲ, ಸುಸ್ತಿಲ್ಲ, ಬಿಪಿ ಎಲ್ಲಿಂದ’ ಎನ್ನುವ ಮಾತಿಗೆ ಆಧಾರವಿಲ್ಲ. ಆದ್ದರಿಂದ ಕೆಲವೇ ತಪಾಸಣೆಗಳನ್ನು ಸರಿಯಾದ ಕ್ರಮದಲ್ಲಿ ಮಾಡಿಸಿ, ಬಂದ ಅಂಕಿಯನ್ನು ಹೋದ ವರ್ಷದ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ಪಟ್ಟಿ ಉದ್ದವಾದಷ್ಟೂ ಒಳ್ಳೆಯದು ಎಂಬುದು ಸುಳ್ಳು.

ಮೊದಲ ಹಂತ: ಲ್ಯಾಬಿಗೆ ಮುಂಚೆ ಒಂದು ಹಾಳೆ

ಒಂದು ಬಿಳಿ ಹಾಳೆ ತೆಗೆದುಕೊಂಡು ಮನೆಯವರ ವಿವರ ಬರೆಯಿರಿ. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ಕ್ಕೆ ಮುಂಚೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ಕ್ಕೆ ಮುಂಚೆ ಹೃದಯಾಘಾತ ಆಗಿತ್ತೇ? ಯಾರಿಗಾದರೂ ಸ್ತನ, ಅಂಡಾಶಯ ಅಥವಾ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿತ್ತೇ, ಎಷ್ಟನೇ ವಯಸ್ಸಿಗೆ? ಗ್ಲಾಕೋಮಾ (ಕಣ್ಣಿನ ನರ ಸವೆದು ದೃಷ್ಟಿ ಹೋಗುವ ಕಾಯಿಲೆ) ಇತ್ತೇ? ‘ಅಪ್ಪ ಹಾರ್ಟಲ್ಲಿ ಹೋದರು’ ಎಂದಷ್ಟೇ ಹೇಳಿದರೆ ವೈದ್ಯರಿಗೆ ಸಾಲದು; 48ಕ್ಕೋ 78ಕ್ಕೋ ಎನ್ನುವುದರ ಮೇಲೆ ನಿಮ್ಮ ಲೆಕ್ಕವೇ ಬದಲಾಗುತ್ತದೆ.

ಅದರ ಕೆಳಗೆ ಬೀಡಿ, ಸಿಗರೇಟು, ಹೊಗೆಸೊಪ್ಪು, ಎಲೆಅಡಿಕೆ ಎಷ್ಟು ವರ್ಷದಿಂದ ಎಂದು ಬರೆಯಿರಿ. ಬಿಟ್ಟಿದ್ದರೆ ಬಿಟ್ಟ ವರ್ಷವನ್ನೂ ಬರೆಯಿರಿ. ಕುಡಿಯುವ ಅಭ್ಯಾಸವನ್ನು ಮುಚ್ಚಿಡಬೇಡಿ. ಆಮೇಲೆ ಔಷಧಿ: ಮಾತ್ರೆಯ ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕಿಕೊಂಡು ಹೋಗುವುದು ಎಲ್ಲಕ್ಕಿಂತ ಸುಲಭ. ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆ, ನಾಟಿ ಔಷಧಿ, ಬಯೋಟಿನ್ ಎಂಬ ವಿಟಮಿನ್ ಇರುವ ಕೂದಲಿನ ಮಾತ್ರೆ ಎಲ್ಲವೂ ಅದರಲ್ಲಿರಲಿ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಬಿಪಿ ಏರುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ. ಕೇಳದ ಹೊರತು ಯಾರೂ ಇದನ್ನು ಹೇಳುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ತಪಾಸಣೆ ಇರುವುದು ತೊಂದರೆ ಕಾಣದವರಿಗೆ. ತೊಂದರೆ ಕಂಡಮೇಲೆ ಪ್ಯಾಕೇಜಿಗೆ ಕಾಯಬಾರದು. ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡಂತಾಗಿ ನಿಂತರೆ ಸರಿಹೋಗುವುದು, ಮಲದಲ್ಲಿ ರಕ್ತ, ಮುಟ್ಟು ನಿಂತ ಮೇಲೆ ಒಂದೇ ಒಂದು ಸಲ ಆದರೂ ರಕ್ತಸ್ರಾವ, ಸ್ತನದಲ್ಲಿ ಗಂಟು, ಎರಡು ವಾರ ದಾಟಿದ ಕೆಮ್ಮು, ಎರಡು ವಾರಕ್ಕೂ ಮಾಯದ ಬಾಯಿಹುಣ್ಣು, ನುಂಗಲು ಕಷ್ಟ, ಕಾರಣವಿಲ್ಲದೆ ಆರು ತಿಂಗಳಲ್ಲಿ ತೂಕದ ನೂರಕ್ಕೆ ಐದು ಪಾಲು ಇಳಿದಿರುವುದು: ಇವುಗಳಲ್ಲಿ ಒಂದಿದ್ದರೂ ನೇರವಾಗಿ ವೈದ್ಯರಿಗೆ ತೋರಿಸಿ. ಎದೆನೋವು ಬಂದು ಬೆವರು ಸುರಿಯುತ್ತಿದ್ದರೆ 108ಕ್ಕೆ ಕರೆ ಮಾಡಿ. ಮೈಸೂರಿನವರಿಗೆ ಕೆಆರ್‌ಎಸ್ ರಸ್ತೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಇದೆ. ಆ ಹೊತ್ತಿನಲ್ಲಿ ಗ್ಯಾಸ್ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯುವುದೇ ದೊಡ್ಡ ಅಪಾಯ.

ಎರಡನೇ ಹಂತ: ಟೇಪು ಮತ್ತು ತೂಕ

ಸೊಂಟದ ಅಳತೆಯನ್ನು ಪ್ಯಾಂಟಿನ ಸೈಜಿನಿಂದ ಹೇಳಬಾರದು. ಪ್ಯಾಂಟು ಹೊಟ್ಟೆಯ ಕೆಳಗೆ ಕೂತಿರುತ್ತದೆ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ಮೇಲ್ತುದಿಯನ್ನು ಬೆರಳಿನಿಂದ ಗುರುತಿಸಿ, ಎರಡರ ನಡುವೆ ಬರಿಮೈಗೆ ಟೇಪು ಸುತ್ತಿ, ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ ಓದಿ. ನಮ್ಮ ದೇಶದವರಿಗೆ ಮಿತಿ ಗಂಡಸರಲ್ಲಿ 90 ಸೆಂ.ಮೀ, ಹೆಂಗಸರಲ್ಲಿ 80 ಸೆಂ.ಮೀ. ತೂಕದ ಲೆಕ್ಕವೂ ನಮಗೆ ಬೇರೆ: ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ) 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. 165 ಸೆಂ.ಮೀ ಎತ್ತರದವರಿಗೆ ಇದು ಸುಮಾರು 63 ಮತ್ತು 68 ಕೆಜಿ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಮೈಕಟ್ಟಿನವರಲ್ಲಿ ತೂಕ ಸರಿಯಿದ್ದರೂ ಶುಗರ್ ಇರುವ ಸಾಧ್ಯತೆ ಹೆಚ್ಚು. ಅದಕ್ಕೇ ತೂಕಕ್ಕಿಂತ ಟೇಪನ್ನು ನಂಬಿ.

ಮೂರನೇ ಹಂತ: ಬಿಪಿಯನ್ನು ಸರಿಯಾಗಿ ನೋಡುವುದು

ಈ ಹಂತಕ್ಕೆ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ತಪ್ಪಾಗಿ ನೋಡಿದ ಬಿಪಿಗೆ ಜೀವನಪರ್ಯಂತ ಮಾತ್ರೆ ನುಂಗುವವರಿದ್ದಾರೆ; ತಪ್ಪಾಗಿ ನೋಡಿದ್ದರಿಂದಲೇ ಕಾಯಿಲೆ ಮುಚ್ಚಿಹೋದವರೂ ಇದ್ದಾರೆ.

ಅರ್ಧ ಗಂಟೆ ಮುಂಚೆಯಿಂದ ಕಾಫಿ, ಬೀಡಿ, ಹೊಗೆಸೊಪ್ಪು, ನಡಿಗೆ ಬೇಡ. ಮೂತ್ರ ಮಾಡಿ ಬನ್ನಿ. ಮೂತ್ರಕೋಶ ತುಂಬಿದ್ದರೆ ಅಂಕಿ ಏರುತ್ತದೆ. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಪಾದ ಎರಡೂ ನೆಲಕ್ಕೆ ತಾಗುವಂತೆ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಸುಮ್ಮನೆ ಕೂರಿ. ತೋಳನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡಿ. ತೋಳು ಕೆಳಗೆ ಜೋತುಬಿದ್ದಿದ್ದರೂ ಅಂಕಿ ಹೆಚ್ಚಾಗಿ ಬರುತ್ತದೆ. ಬಟ್ಟೆಯ ಮೇಲೆ ಪಟ್ಟಿ ಸುತ್ತಬಾರದು; ರವಿಕೆಯ ತೋಳನ್ನು ಬಿಗಿಯಾಗಿ ಮೇಲಕ್ಕೆ ಮಡಚಿ ಕೂರಿಸುವುದೂ ಸರಿಯಲ್ಲ. ಅಳತೆ ನಡೆಯುವಾಗ ಮಾತಾಡಬೇಡಿ, ನರ್ಸ್ ಕೇಳಿದರೂ ಸರಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡರ ಸರಾಸರಿ ಬರೆದುಕೊಳ್ಳಿ. ಮೊದಲ ಸಲ ನೋಡಿಸಿಕೊಳ್ಳುವವರು ಎರಡೂ ತೋಳಿನಲ್ಲಿ ನೋಡಿಸಬೇಕು. ಹೆಚ್ಚು ಬಂದ ತೋಳಿನಲ್ಲೇ ಮುಂದೆ ಸದಾ ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಪಟ್ಟಿಯ ಅಳತೆಯಲ್ಲಿ. ಮನೆಯ ಯಂತ್ರದ ಜತೆ ಬರುವ ಸಾಮಾನ್ಯ ಪಟ್ಟಿ ಹೆಚ್ಚಾಗಿ 22ರಿಂದ 32 ಸೆಂ.ಮೀ ಸುತ್ತಳತೆಯ ತೋಳಿಗೆ ಮಾಡಿದ್ದು. 35 ಸೆಂ.ಮೀ ತೋಳಿಗೆ ಅದನ್ನೇ ಬಿಗಿದರೆ ಇಲ್ಲದ ಬಿಪಿ ಕಾಣುತ್ತದೆ. ಕೊಳ್ಳುವ ಮುಂಚೆ ಟೇಪಿನಲ್ಲಿ ತೋಳಿನ ನಡುಭಾಗ ಅಳೆದು, ದಪ್ಪ ತೋಳಿಗೆ ದೊಡ್ಡ ಪಟ್ಟಿಯನ್ನೇ ಕೇಳಿ. ಮಣಿಕಟ್ಟಿಗೆ ಕಟ್ಟುವ ಯಂತ್ರ ಬೇಡ. ಕೊಂಡ ಮೇಲೆ ಒಂದು ಸಲ ಅದನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ಅಲ್ಲಿನ ಅಳತೆಯ ಜತೆ ಹೋಲಿಸಿ.

ಆಸ್ಪತ್ರೆಯಲ್ಲಿ 140/90 ಅಥವಾ ಹೆಚ್ಚು ಬಂದರೆ ಅದೇ ದಿನ ತೀರ್ಮಾನವಿಲ್ಲ. ಮನೆಯಲ್ಲಿ ಏಳು ದಿನ, ಬೆಳಿಗ್ಗೆ ಎರಡು ಸಲ ಸಂಜೆ ಎರಡು ಸಲ ನೋಡಿ ಬರೆಯಿರಿ. ಮೊದಲ ದಿನದ್ದನ್ನು ಬಿಟ್ಟು ಉಳಿದ ಆರು ದಿನದ ಸರಾಸರಿ ತೆಗೆಯಿರಿ. ಮನೆಯ ಸರಾಸರಿಗೆ ಮಿತಿ 135/85. ಬಿಳಿ ಕೋಟು ಕಂಡರೆ ಮಾತ್ರ ಏರುವವರು ಇಲ್ಲಿ ತಿಳಿಯುತ್ತಾರೆ. ಆಸ್ಪತ್ರೆಯಲ್ಲಿ ಸರಿಯಿದ್ದು ಮನೆಯಲ್ಲಿ ಏರಿರುವವರೂ ತಿಳಿಯುತ್ತಾರೆ, ಅವರದ್ದು ಹೆಚ್ಚು ಅಪಾಯ. 180/120 ದಾಟಿ ಜತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕೈಕಾಲು ಸ್ವಾಧೀನ ತಪ್ಪುವುದು ಕಂಡರೆ ಅದು ತುರ್ತು.

ಯಂತ್ರ ಕೊಳ್ಳಲಾಗದಿದ್ದರೆ ಊರಿನ ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಗರದ ನಮ್ಮ ಕ್ಲಿನಿಕ್‌ಗೆ ಹೋಗಿ. 30 ದಾಟಿದವರಿಗೆಲ್ಲ ಬಿಪಿ, ಶುಗರ್, ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತ. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಬಿಪಿ, ಶುಗರ್ ಮಾತ್ರೆಯನ್ನೂ ಕೊಡುತ್ತಾರೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ವಯಸ್ಸು, ತಂಬಾಕು, ಸೊಂಟದ ಸುತ್ತಳತೆ ಕೇಳಿ ಫಾರಂ ತುಂಬುತ್ತಾರಲ್ಲ, ಅದರಲ್ಲಿ ಅಂಕ 4 ದಾಟಿದವರನ್ನು ಮೊದಲು ಕರೆಯುತ್ತಾರೆ. ಅವರಿಗೆ ಸರಿಯಾದ ಉತ್ತರವನ್ನೇ ಕೊಡಿ.

ನಾಲ್ಕನೇ ಹಂತ: ರಕ್ತ ಕೊಡುವ ದಿನ

ಹಿಂದಿನ ದಿನ ಮದುವೆಯೂಟ, ಮಾರಿಹಬ್ಬದ ಬಾಡೂಟ ಇದ್ದರೆ ದಿನ ಮುಂದಕ್ಕೆ ಹಾಕಿ. ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ಸುಮ್ಮನೆ ಏರಿ ಕಾಣುತ್ತದೆ. ಎರಡು ಮೂರು ದಿನದಿಂದ ಕುಡಿತವೂ ಬೇಡ. ಜ್ವರ, ಶೀತ, ಸೋಂಕು ಇರುವಾಗ ಮಾಡಿಸಬೇಡಿ, ಎರಡು ಮೂರು ವಾರ ಬಿಡಿ. ಕಬ್ಬು ಕಡಿದ, ಮೂಟೆ ಹೊತ್ತ ಮರುದಿನ ಬೆಳಿಗ್ಗೆ ರಕ್ತ ಕೊಟ್ಟರೆ ಸ್ನಾಯುವಿನಿಂದ ಸೋರುವ ಎಎಸ್‌ಟಿ ಎಂಬ ಕಿಣ್ವ (ಲಿವರ್ ಪರೀಕ್ಷೆಯಲ್ಲೂ ಇದನ್ನೇ ನೋಡುತ್ತಾರೆ) ಏರಿ ಲಿವರ್ ಕೆಟ್ಟಿದೆಯೇನೋ ಎಂಬ ಗಾಬರಿ ಹುಟ್ಟುತ್ತದೆ. ಮಂಡ್ಯ ಸೀಮೆಯ ರೈತರಿಗೆ ಭತ್ತದ ಸುಗ್ಗಿ ಮುಗಿದ ಮೇಲಿನ ಬಿಡುವಿನ ವಾರ ಅನುಕೂಲ. ವರ್ಷವೂ ಅದೇ ತಿಂಗಳಲ್ಲಿ ಮಾಡಿಸಿದರೆ ನೆನಪೂ ಇರುತ್ತದೆ, ಹೋಲಿಕೆಯೂ ನೇರ.

ಖಾಲಿ ಹೊಟ್ಟೆ ಎಂದರೆ ಕನಿಷ್ಠ 8 ಗಂಟೆ. ರಾತ್ರಿ ಒಂಬತ್ತಕ್ಕೆ ಉಂಡು ಬೆಳಿಗ್ಗೆ ಏಳಕ್ಕೆ ರಕ್ತ ಕೊಟ್ಟರೆ ಸಾಕು. ಹದಿನಾಲ್ಕು ಗಂಟೆ ಉಪವಾಸ ಬೇಡ. ನೀರು ಕುಡಿಯಿರಿ, ನಾಳ ಸಿಗುವುದೂ ಸುಲಭ. ಸಕ್ಕರೆ ಇಲ್ಲದ ಕಾಫಿಯೂ ಬೇಡ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಮುಗಿಸಿ ನೇರ ಲ್ಯಾಬಿಗೆ ಹೋಗುವ ರೂಢಿ ಹಲವರಿಗಿದೆ. ಆ ಒಂದು ದಿನ ವಾಕಿಂಗನ್ನು ಸಂಜೆಗೆ ಇಟ್ಟುಕೊಳ್ಳಿ.

ಬಿಪಿ ಮಾತ್ರೆಯನ್ನು ಎಂದಿನಂತೆ ನೀರಿನಲ್ಲಿ ನುಂಗಿ. ಶುಗರ್ ಮಾತ್ರೆ ಮತ್ತು ಊಟದ ಇನ್ಸುಲಿನ್ ಮಾತ್ರ ತಿಂಡಿಯ ಜತೆಗೇ ಇರಲಿ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡು ಸರದಿಯಲ್ಲಿ ಕೂತರೆ ಶುಗರ್ ಇಳಿದು ಬೀಳುವ ಅಪಾಯವಿದೆ. ದೀರ್ಘಾವಧಿಯ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಮುಂಚೆಯೇ ಕೇಳಿ. ಥೈರಾಯ್ಡ್ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ. ಬಯೋಟಿನ್ ಮಾತ್ರೆಯನ್ನು ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ, ಅದು ಥೈರಾಯ್ಡ್ ಅಂಕಿಯನ್ನೇ ಕೆಡಿಸುತ್ತದೆ.

ಸೂಜಿ ಹಾಕುವಾಗ ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿಯಬೇಡಿ, ಪೊಟ್ಯಾಸಿಯಂ ಏರಿ ಕಾಣುತ್ತದೆ. ಶುಗರ್‌ಗೆ ಬೂದು ಮುಚ್ಚಳದ ಟ್ಯೂಬು ಬಳಸುತ್ತಾರೆ. ಅದರಲ್ಲಿನ ಫ್ಲೋರೈಡ್ ರಕ್ತಕಣಗಳು ಸಕ್ಕರೆಯನ್ನು ತಿಂದುಹಾಕುವುದನ್ನು ತಡೆಯುತ್ತದೆ. ಬೇರೆ ಟ್ಯೂಬಿನಲ್ಲಿ ತೆಗೆದು ಹಾಗೇ ಇಟ್ಟರೆ ಗಂಟೆಗೆ ನೂರಕ್ಕೆ 5ರಿಂದ 7 ಪಾಲು ಸಕ್ಕರೆ ಕರಗುತ್ತದೆ. ಮನೆಗೆ ಬಂದು ರಕ್ತ ತೆಗೆದು, ಇನ್ನೂ ಹತ್ತು ಮನೆ ಸುತ್ತಿ, ಬಿಸಿಲಲ್ಲಿ ಸ್ಕೂಟರ್ ಮೇಲೆ ಒಯ್ಯುವ ವ್ಯವಸ್ಥೆಯಾಗಿದ್ದರೆ ‘ಐಸ್ ಪ್ಯಾಕ್ ಇದೆಯಾ, ಎಷ್ಟು ಹೊತ್ತಿಗೆ ಲ್ಯಾಬ್ ಸೇರುತ್ತೆ?’ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಊಟದ ನಂತರದ ಶುಗರ್‌ನಲ್ಲಿ ನಮ್ಮ ಕಡೆ ಒಂದು ದೊಡ್ಡ ಎಡವಟ್ಟಾಗುತ್ತದೆ. ದಿನವೂ ಎರಡು ಮುದ್ದೆ, ಮೇಲೊಂದಿಷ್ಟು ಅನ್ನ ಉಣ್ಣುವವರು ಪರೀಕ್ಷೆಯ ದಿನ ಎರಡೇ ಇಡ್ಲಿ ತಿಂದು ‘ನಾರ್ಮಲ್ ಬಂತು’ ಎನ್ನುತ್ತಾರೆ. ಅದು ಇಡ್ಲಿಯ ಅಂಕಿ. ಎಂದಿನ ಊಟವನ್ನೇ ಮಾಡಿ, ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆ ಎಣಿಸಿ. ರಾಗಿ ಒಳ್ಳೆಯ ಧಾನ್ಯ, ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆಯೂ ಸಕ್ಕರೆ ಏರಿಸುತ್ತದೆ. ಎಷ್ಟು ಏರಿಸುತ್ತದೆ ಎಂದು ತಿಳಿಯಲು ಅದನ್ನೇ ತಿಂದು ನೋಡಬೇಕು.

ಐದನೇ ಹಂತ: ಯಾವ ರಕ್ತಪರೀಕ್ಷೆ, ಯಾವ ಅಂಕಿ

ಖಾಲಿ ಹೊಟ್ಟೆಯ ಶುಗರ್ 100ರ ಒಳಗೆ ಸರಿ, 100ರಿಂದ 125 ಅಂಚಿನದು, 126 ಅಥವಾ ಹೆಚ್ಚು ಸಕ್ಕರೆ ಕಾಯಿಲೆ. ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರುವ ಎಚ್‌ಬಿಎ1ಸಿ 5.7ರ ಒಳಗೆ ಸರಿ, 6.4ರವರೆಗೆ ಅಂಚು, 6.5ರಿಂದ ಮೇಲೆ ಕಾಯಿಲೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡಿದಾಗ 140ರಿಂದ 199 ಅಂಚು, 200 ಅಥವಾ ಹೆಚ್ಚಾದರೆ ಕಾಯಿಲೆ. ಲಕ್ಷಣವಿಲ್ಲದವರಲ್ಲಿ ಒಂದೇ ಸಲದ ಒಂದೇ ಅಂಕಿಯಿಂದ ತೀರ್ಮಾನಿಸಬಾರದು. ಇನ್ನೊಂದು ದಿನ ಮತ್ತೆ ನೋಡಬೇಕು, ಇಲ್ಲವೇ ಎರಡು ಬಗೆಯ ಪರೀಕ್ಷೆ ಒಂದೇ ಮಾತು ಹೇಳಬೇಕು. ಎಚ್‌ಬಿಎ1ಸಿಗೆ ಒಂದು ದೌರ್ಬಲ್ಯವಿದೆ: ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಸುಳ್ಳಾಗಿ ಏರುತ್ತದೆ, ಇತ್ತೀಚೆಗೆ ರಕ್ತ ಹೋಗಿದ್ದರೆ ಅಥವಾ ಹಾಕಿಸಿಕೊಂಡಿದ್ದರೆ ಇಳಿಯಬಹುದು. ಅದಕ್ಕೇ ಹಿಮೋಗ್ಲೋಬಿನ್ ಅಂಕಿಯ ಪಕ್ಕದಲ್ಲಿಟ್ಟೇ ಅದನ್ನು ಓದಬೇಕು. ಎಲ್ಲ ಸರಿಯಿದ್ದರೆ ಮೂರು ವರ್ಷಕ್ಕೊಮ್ಮೆ ಸಾಕು. ಅಂಚಿನಲ್ಲಿರುವವರು, ಹೊಟ್ಟೆ ಇರುವವರು, ತಂದೆತಾಯಿಗೆ ಶುಗರ್ ಇರುವವರು ವರ್ಷಕ್ಕೊಮ್ಮೆ.

ಕೊಲೆಸ್ಟ್ರಾಲ್ ಪರೀಕ್ಷೆಗೆ ಉಪವಾಸ ಕಡ್ಡಾಯವಲ್ಲ. ಟ್ರೈಗ್ಲಿಸರೈಡ್ 400 ದಾಟಿದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಮತ್ತೆ ಮಾಡಿಸಬೇಕು, ಏಕೆಂದರೆ ಆಗ ಲೆಕ್ಕ ಹಾಕಿ ಬರೆಯುವ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ನಂಬಿಕೆಗೆ ಬರುವುದಿಲ್ಲ. ರಿಪೋರ್ಟಿನಲ್ಲಿ ‘ಟೋಟಲ್’ ಅಂಕಿಗೆ ಅಂಟಿಕೊಳ್ಳಬೇಡಿ. ಟೋಟಲ್‌ನಿಂದ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಕಳೆಯಿರಿ. ಉಳಿಯುವುದೇ ರಕ್ತನಾಳಕ್ಕೆ ಅಂಟುವ ಕೊಬ್ಬಿನ ಒಟ್ಟು ಲೆಕ್ಕ. ಎಷ್ಟಿದ್ದರೆ ಸರಿ ಎಂಬುದು ವ್ಯಕ್ತಿಯ ಮೇಲೆ ನಿಂತಿದೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಎಲ್‌ಡಿಎಲ್ 100 ಹೆಚ್ಚಾಯಿತು. ಬೇರೆ ಯಾವ ಅಪಾಯವೂ ಇಲ್ಲದ 42ರ ಹೆಣ್ಣುಮಗಳಿಗೆ ಅದೇ 100 ಚೆನ್ನಾಗಿಯೇ ಇದೆ. ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತ ಆದವರಿದ್ದರೆ ಲೈಪೊಪ್ರೊಟೀನ್ ‘ಎ’ ಎಂಬ ಪರೀಕ್ಷೆಯನ್ನು ಬದುಕಿನಲ್ಲಿ ಒಂದು ಸಲ ಮಾಡಿಸಿ. ಅದು ಹುಟ್ಟಿನಿಂದ ಬರುವಂಥದ್ದು, ಪ್ರತಿ ವರ್ಷ ಬೇಡ.

ಕಿಡ್ನಿಗೆ ಕ್ರಿಯಾಟಿನಿನ್ (ಸ್ನಾಯುವಿನಿಂದ ಬಂದು ಕಿಡ್ನಿ ಹೊರಹಾಕುವ ಕಸ) ಒಂದೇ ಸಾಲದು. ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್, ಅಂದರೆ ಕಿಡ್ನಿ ರಕ್ತ ಸೋಸುವ ವೇಗ, ನೋಡಿ. ಸಣಕಲು ಮೈಯ ಮುದುಕರಲ್ಲಿ ಸ್ನಾಯು ಕಡಿಮೆ ಇರುವುದರಿಂದ ಕಿಡ್ನಿ ಸೊರಗಿದ್ದರೂ ಕ್ರಿಯಾಟಿನಿನ್ ನಾರ್ಮಲ್ ಎಂದೇ ಬರಬಹುದು. ಬಿಪಿ ಅಥವಾ ಶುಗರ್ ಇರುವವರು ವರ್ಷಕ್ಕೊಮ್ಮೆ ಮೂತ್ರಕ್ಕೆ ಸೋರುವ ಪ್ರೋಟೀನನ್ನು ತೋರುವ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತವನ್ನೂ ಮಾಡಿಸಲೇಬೇಕು. 30 ದಾಟಿದರೆ ಕಿಡ್ನಿ ಸೋರಲು ಶುರುವಾಗಿದೆ ಎಂದರ್ಥ, ಇಜಿಎಫ್‌ಆರ್ ಇಳಿಯುವ ಎಷ್ಟೋ ಮೊದಲೇ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಕಠಿಣ ದುಡಿಮೆಯಿಂದಲೂ ಏರಬಹುದಾದ್ದರಿಂದ ಎರಡು ಮೂರು ತಿಂಗಳ ಅಂತರದಲ್ಲಿ ಮತ್ತೆ ನೋಡಿ ಖಚಿತಪಡಿಸುತ್ತಾರೆ. ಇಷ್ಟು ಉಪಯೋಗವಿರುವ ಈ ಪರೀಕ್ಷೆ ಹಲವು ಪ್ಯಾಕೇಜುಗಳಲ್ಲಿ ಇಲ್ಲದಿರುವುದು ಬೇಸರದ ಸಂಗತಿ. ಬಿಡಿಯಾಗಿ ಕೇಳಿ ಮಾಡಿಸಿ.

ಹಿಮೋಗ್ಲೋಬಿನ್ ಗಂಡಸರಲ್ಲಿ 13ಕ್ಕಿಂತ, ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆ ಕಂಡರೆ ಟಾನಿಕ್ ಕುಡಿದು ಸುಮ್ಮನಾಗಬಾರದು. ರಕ್ತ ಹೊಟ್ಟೆಯಲ್ಲೋ ಕರುಳಲ್ಲೋ ಸೋರುತ್ತಿದೆಯೇ ಎಂದು ಹುಡುಕಲೇಬೇಕು. ಕರುಳಿನ ಕ್ಯಾನ್ಸರ್‌ನ ಮೊದಲ ಸುಳಿವು ಕೆಲವೊಮ್ಮೆ ಅದೇ ಆಗಿರುತ್ತದೆ.

ವಿಟಮಿನ್ ಬಿ12 ಪರೀಕ್ಷೆ ಎಲ್ಲರಿಗೂ ಬೇಡ. ವರ್ಷಗಟ್ಟಲೆ ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರು, ಅಪ್ಪಟ ಸಸ್ಯಾಹಾರಿಗಳು, ಪಾದ ಜೋಮು ಹಿಡಿಯುವವರು ಮಾಡಿಸಲಿ. ಸುಸ್ತು, ಮಲಬದ್ಧತೆ, ತೂಕದ ಏರಿಳಿತ ಇದ್ದರೆ ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ.

ಆರನೇ ಹಂತ: ಕ್ಯಾನ್ಸರ್ ತಪಾಸಣೆ

ಬಾಯಿಯಿಂದ ಶುರುಮಾಡಿ. ಎಲೆಅಡಿಕೆ ಜತೆ ಹೊಗೆಸೊಪ್ಪು ಹಾಕುವವರು ತಿಂಗಳಿಗೊಮ್ಮೆ ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಿಕೊಳ್ಳಬೇಕು. ತುಟಿ ಮಡಚಿ ಒಳಭಾಗ, ಎರಡೂ ಕೆನ್ನೆಯ ಒಳಗೆ (ಮುಖ್ಯವಾಗಿ ಎಲೆ ಒತ್ತಿಟ್ಟುಕೊಳ್ಳುವ ಮೂಲೆ), ನಾಲಿಗೆಯ ಅಂಚು, ನಾಲಿಗೆ ಎತ್ತಿ ಅದರ ಕೆಳಗೆ. ಉಜ್ಜಿದರೂ ಹೋಗದ ಬಿಳಿ ಕಲೆ, ಕೆಂಪು ಕಲೆ, ಗಟ್ಟಿ ಅಂಚಿನ ಹುಣ್ಣು ಹುಡುಕಿ. ಮೂರು ಬೆರಳು ಉದ್ದುದ್ದ ಜೋಡಿಸಿ ಬಾಯೊಳಗೆ ಹೋಗದಿದ್ದರೆ ಬಾಯಿ ಬಿಗಿಯುತ್ತಿದೆ ಎಂದು ತಿಳಿಯಿರಿ. ನೋವಿಲ್ಲ ಎಂದು ನಿರ್ಲಕ್ಷಿಸಬೇಡಿ. ಶುರುವಿನಲ್ಲಿ ನೋವಿರುವುದೇ ಇಲ್ಲ. ಇದನ್ನು ದಂತವೈದ್ಯರು ಎರಡೇ ನಿಮಿಷದಲ್ಲಿ ನೋಡಿ ಹೇಳುತ್ತಾರೆ.

ಗರ್ಭಕಂಠದ ತಪಾಸಣೆ ಮಾಡಿಸದವರೇ ಹೆಚ್ಚು, ಕಾರಣ ಸಂಕೋಚ. ಮೂವತ್ತರಿಂದ ಅರವತ್ತೈದರ ತನಕ ಇದು ಬೇಕು, ಮುಟ್ಟು ನಿಂತಿದ್ದರೂ ಬೇಕು. ಮೂರು ದಾರಿಗಳಿವೆ: ಸರ್ಕಾರಿ ಕೇಂದ್ರಗಳಲ್ಲಿ ವಿನೆಗರ್ ದ್ರಾವಣ ಸವರಿ ನೋಡುವ ವಿಐಎ ಐದು ವರ್ಷಕ್ಕೊಮ್ಮೆ, ಜೀವಕೋಶ ಸವರಿ ತೆಗೆದು ನೋಡುವ ಪ್ಯಾಪ್ ಸ್ಮಿಯರ್ ಮೂರು ವರ್ಷಕ್ಕೊಮ್ಮೆ, ಈ ಕ್ಯಾನ್ಸರ್ ತರುವ ವೈರಾಣುವನ್ನು ಹುಡುಕುವ ಎಚ್‌ಪಿವಿ ಪರೀಕ್ಷೆ ಐದು ವರ್ಷಕ್ಕೊಮ್ಮೆ. ಕೈಗೆಟುಕಿದರೆ ಎಚ್‌ಪಿವಿಯೇ ಉತ್ತಮ. ಮುಟ್ಟು ನಿಂತವರಲ್ಲಿ ಗರ್ಭಕಂಠದಲ್ಲಿ ಕ್ಯಾನ್ಸರ್ ಸಾಮಾನ್ಯವಾಗಿ ಶುರುವಾಗುವ ಭಾಗ ಒಳಸರಿಯುವುದರಿಂದ ವಿಐಎ ಅಷ್ಟು ನಂಬಿಕೆಗೆ ಬರುವುದಿಲ್ಲ. ಎರಡು ದಿನ ಮುಂಚೆಯಿಂದ ಸಂಭೋಗ, ಒಳಗೆ ಹಚ್ಚುವ ಕ್ರೀಮು, ನೀರಿನಿಂದ ಒಳಗೆ ತೊಳೆಯುವುದು ಬೇಡ. ಮುಟ್ಟಿನ ದಿನಗಳೂ ಬೇಡ. ಪರೀಕ್ಷೆ ಹಿಡಿಯುವುದು ಐದು ನಿಮಿಷ. ಹೆಣ್ಣು ಡಾಕ್ಟರೇ ಬೇಕೆಂದು ಕೇಳುವ ಹಕ್ಕು ನಿಮಗಿದೆ. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆಯ ಸ್ತ್ರೀರೋಗ ವಿಭಾಗ, ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್ ಇವೆ. ‘ಪಾಸಿಟಿವ್’ ಎಂದರೆ ಕ್ಯಾನ್ಸರ್ ಅಲ್ಲ. ಮುಂದಿನ ಪರೀಕ್ಷೆ ಬೇಕು ಎಂದರ್ಥ. ಈ ಹಂತದಲ್ಲೇ ಹಿಡಿದರೆ ಹೊರರೋಗಿಯಾಗಿಯೇ ಚಿಕಿತ್ಸೆ ಮುಗಿಸಿ ಮನೆಗೆ ಬರಬಹುದು.

ಸ್ತನಕ್ಕೆ 30ರಿಂದ ತರಬೇತಾದ ನರ್ಸ್ ಅಥವಾ ವೈದ್ಯರ ಕೈಪರೀಕ್ಷೆ. 40 ದಾಟಿದ ಮೇಲೆ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಬಗ್ಗೆ ವೈದ್ಯರ ಜತೆ ಮಾತಾಡಿ. ಅಮ್ಮನಿಗೋ ಅಕ್ಕನಿಗೋ ಬಂದಿದ್ದರೆ ಇನ್ನೂ ಮುಂಚೆ. ಮುಟ್ಟು ಮುಗಿದ ವಾರದಲ್ಲಿ ಮಾಡಿಸಿದರೆ ನೋವು ಕಡಿಮೆ. ಕಂಕುಳಿಗೆ ಪೌಡರ್, ಡಿಯೋಡ್ರೆಂಟ್ ಹಾಕಬೇಡಿ, ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಯಂತೆ ಕಾಣುತ್ತವೆ. ಹಳೆಯ ಫಿಲಂ ಜತೆಗೇ ಒಯ್ಯಿರಿ. ಗಂಟು ಕೈಗೆ ಸಿಗುತ್ತಿದ್ದು ಮ್ಯಾಮೊಗ್ರಾಮ್ ಸರಿಯಿದೆ ಎಂದು ಬಂದರೂ ಅಲ್ಲಿಗೇ ಬಿಡಬಾರದು.

ದೊಡ್ಡ ಕರುಳಿಗೆ ನಮ್ಮಲ್ಲಿ ರಾಷ್ಟ್ರೀಯ ತಪಾಸಣೆ ಕಾರ್ಯಕ್ರಮವಿಲ್ಲ. ತಂದೆತಾಯಿ, ಒಡಹುಟ್ಟಿದವರಿಗೆ ಬಂದಿದ್ದರೆ 40ಕ್ಕೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೊಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ಕರುಳು ನೋಡುವುದು). ಉಳಿದವರು 45–50ರ ನಂತರ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಫಿಟ್ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸಬಹುದು, ಅದಕ್ಕೆ ಪಥ್ಯವಿಲ್ಲ.

ಗಂಡಸರ ಪ್ರಾಸ್ಟೇಟ್ ಗ್ರಂಥಿಗೆ ಮಾಡುವ ಪಿಎಸ್‌ಎ ರಕ್ತಪರೀಕ್ಷೆ 55ರಿಂದ 69ರವರಿಗೆ, ವೈದ್ಯರ ಜತೆ ಮಾತಾಡಿ ಒಪ್ಪಿದ ಮೇಲೆ ಮಾತ್ರ. ಎಪ್ಪತ್ತರ ಮೇಲೆ ತೊಂದರೆಯಿಲ್ಲದವರಿಗೆ ಬೇಡ. ಮೂತ್ರದ ಸೋಂಕು, ಕ್ಯಾತಿಟರ್ (ಮೂತ್ರಕ್ಕೆ ಹಾಕುವ ನಳಿಕೆ), ಎರಡು ದಿನದೊಳಗಿನ ವೀರ್ಯಸ್ಖಲನ, ದೂರದ ಸೈಕಲ್ ಸವಾರಿ ಎಲ್ಲವೂ ಅದನ್ನು ಏರಿಸಬಲ್ಲವು.

ಏಳನೇ ಹಂತ: ಕಣ್ಣು, ಕಿವಿ, ಹಲ್ಲು, ಮೂಳೆ

ನಲವತ್ತಕ್ಕೆ ಅಕ್ಷರ ಮಸುಕಾದಾಗ ಅಂಗಡಿಯಲ್ಲಿ ಸಿಗುವ ಕನ್ನಡಕ ಹಾಕಿಕೊಂಡು ಮುಗಿಸಿಬಿಟ್ಟರೆ ಗ್ಲಾಕೋಮಾ ನೋಡಿಸುವ ಒಳ್ಳೆಯ ಅವಕಾಶ ತಪ್ಪುತ್ತದೆ. ಅದು ದೃಷ್ಟಿಯನ್ನು ಅಂಚಿನಿಂದ ತಿನ್ನುತ್ತದೆ, ಹೋದದ್ದು ಮರಳುವುದಿಲ್ಲ. ಕಣ್ಣಿನ ಒತ್ತಡದ ಜತೆಗೆ ನರದ ತುದಿಯನ್ನೂ ನೋಡಿಸಿ, ಏಕೆಂದರೆ ಒತ್ತಡ ಸರಿಯಿದ್ದೂ ಗ್ಲಾಕೋಮಾ ಇರಬಹುದು. ಶುಗರ್ ಇರುವವರು ಗೊತ್ತಾದ ವರ್ಷದಿಂದಲೇ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡಿಸಬೇಕು. ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ಗಂಟೆ ಕಣ್ಣು ಮಂಜು; ಬೈಕಿನಲ್ಲಿ ಒಬ್ಬರೇ ಹೋಗಬೇಡಿ.

ಟಿವಿ ಸದ್ದು ಜಾಸ್ತಿ ಇಡುವುದು, ಗದ್ದಲದಲ್ಲಿ ಮಾತು ತಿಳಿಯದಿರುವುದು ಕಿವಿ ಮಂದವಾಗುತ್ತಿರುವ ಸೂಚನೆ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇರುವಾಗ ಮೈಸೂರು ಸೀಮೆಯವರು ಇದಕ್ಕಾಗಿ ಬೇರೆಲ್ಲಿಗೂ ಹೋಗಬೇಕಿಲ್ಲ. ಮೊದಲು ಗುಗ್ಗೆ ತೆಗೆಸಿ, ಆಮೇಲೆ ಶ್ರವಣ ಪರೀಕ್ಷೆ. ಹಲ್ಲಿಗೆ ವರ್ಷಕ್ಕೊಮ್ಮೆಯಾದರೂ.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಹೆಂಗಸರಿಗೆ 65ಕ್ಕೆ. ಬೇಗ ಮುಟ್ಟು ನಿಂತವರಿಗೆ, ಸ್ಟೀರಾಯ್ಡ್ ಮಾತ್ರೆ ನುಂಗಿದವರಿಗೆ, ಸಣ್ಣ ಪೆಟ್ಟಿಗೇ ಮೂಳೆ ಮುರಿದವರಿಗೆ ಇನ್ನೂ ಮುಂಚೆ. ಟಿ-ಸ್ಕೋರ್ −2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಸವೆತ. ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ನೋಡುವ ಯಂತ್ರದ ಅಂಕಿಯಿಂದ ಔಷಧಿ ಶುರುಮಾಡಬಾರದು.

ದುಡ್ಡು ಉಳಿಸಬಹುದಾದ ಕಡೆ

ಲಕ್ಷಣವಿಲ್ಲದವರಿಗೆ ಸಿಎ-125, ಸಿಇಎ, ಸಿಎ 19-9ನಂಥ ‘ಕ್ಯಾನ್ಸರ್ ಮಾರ್ಕರ್’ಗಳು ಬೇಡ, ಕ್ಯಾನ್ಸರ್ ಇಲ್ಲದೆಯೂ ಏರುತ್ತವೆ, ಇದ್ದೂ ಏರದಿರಬಹುದು. ಇಡೀ ಮೈಯ ಸಿಟಿ ಸ್ಕ್ಯಾನ್ ಬೇಡ. ಗೌಟ್ (ಯೂರಿಕ್ ಆಸಿಡ್‌ನಿಂದ ಕೀಲು ಊದುವ ಕಾಯಿಲೆ) ಇಲ್ಲದೆ ಯೂರಿಕ್ ಆಸಿಡ್ ಏರಿದ್ದಕ್ಕೆ ಮಾತ್ರೆ ಬೇಕಿಲ್ಲ. ಕೀಲು ಊದದವರಿಗೆ ಸಂಧಿವಾತದ ಆರ್‌ಎ ಫ್ಯಾಕ್ಟರ್ ಪರೀಕ್ಷೆ ಬೇಡ, ವಯಸ್ಸಾದ ಆರೋಗ್ಯವಂತರಲ್ಲೂ ಅದು ಪಾಸಿಟಿವ್ ಬರುತ್ತದೆ. ಇಸಿಜಿ ನಾರ್ಮಲ್ ಎಂದಾಕ್ಷಣ ರಕ್ತನಾಳ ತೆರೆದಿದೆ ಎಂದಲ್ಲ. ಅದು ಆ ಹೊತ್ತಿನ ಚಿತ್ರ ಮಾತ್ರ. ಸಾಮಾನ್ಯವಾಗಿ ನಾರ್ಮಲ್ ಮಿತಿಯನ್ನು ನೂರು ಆರೋಗ್ಯವಂತರಲ್ಲಿ ತೊಂಬತ್ತೈದು ಮಂದಿ ಒಳಗೆ ಬರುವಂತೆ ಹಾಕಿರುತ್ತಾರೆ. ಹಾಗಾಗಿ 60 ಅಂಕಿ ಬರೆಸಿಕೊಂಡರೆ ಏನೂ ಕಾಯಿಲೆ ಇಲ್ಲದವರಿಗೂ ಸರಾಸರಿ ಮೂರರ ಪಕ್ಕ ದಪ್ಪಕ್ಷರದ ಗುರುತು ಬೀಳುತ್ತದೆ. ಆ ಮೂರರ ಹಿಂದೆ ಓಡಾಡಿ ದುಡ್ಡು, ನಿದ್ದೆ ಎರಡನ್ನೂ ಕಳೆದುಕೊಳ್ಳುತ್ತಾರೆ.

ಉಳಿದ ದುಡ್ಡಿನಲ್ಲಿ ಲಸಿಕೆ ಹಾಕಿಸಿಕೊಳ್ಳಿ: ಫ್ಲೂ ವರ್ಷಕ್ಕೊಮ್ಮೆ, 65ರ ನಂತರ ನ್ಯುಮೋನಿಯಾ ತಡೆಯುವ ನ್ಯುಮೊಕಾಕಲ್, ಧನುರ್ವಾಯು ಹತ್ತು ವರ್ಷಕ್ಕೊಮ್ಮೆ. 50 ದಾಟಿದವರಿಗೆ ಸರ್ಪಸುತ್ತಿನ ಲಸಿಕೆ ಎರಡು ಡೋಸ್. ಅದು ದುಬಾರಿ, ಆದರೆ ಸರ್ಪಸುತ್ತಿನ ನಂತರ ತಿಂಗಳುಗಟ್ಟಲೆ ಕಾಡುವ ಉರಿ ಕಂಡವರು ಅದನ್ನು ದುಬಾರಿ ಎನ್ನಲಾರರು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಇರುವವರು ಮುಂಜಾಗ್ರತೆ ತಪಾಸಣೆಗೆ 5,000 ರೂಪಾಯಿವರೆಗೆ ವಿನಾಯಿತಿ ಪಡೆಯಬಹುದು, ನಗದು ಕೊಟ್ಟಿದ್ದರೂ. ರಸೀದಿ ಇಟ್ಟುಕೊಳ್ಳಿ.

ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ

ಇವರ ಲೆಕ್ಕವೇ ಬೇರೆ. ಇಲ್ಲಿ ಕೊಲೆಸ್ಟ್ರಾಲ್‌ಗಿಂತ ಬೀಳುವುದು ದೊಡ್ಡ ಶತ್ರು. ಬಿಪಿಯನ್ನು ಕೂತಾಗ ನೋಡಿ, ಎದ್ದು ನಿಲ್ಲಿಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ಹೇಳಿ. ಪ್ರಾಸ್ಟೇಟಿನ ಮಾತ್ರೆ, ನಿದ್ದೆಮಾತ್ರೆ, ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ, ಹೆಚ್ಚಾದ ಬಿಪಿ ಮಾತ್ರೆ ಕಾರಣವಿರಬಹುದು. ಆಮೇಲೆ ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಹೇಳಿ ಗಡಿಯಾರ ನೋಡಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ. ಬಚ್ಚಲಿಗೆ ಹಿಡಿಕೆ ಹಾಕಿಸುವುದು, ಕಣ್ಣಿನ ಪೊರೆ ತೆಗೆಸುವುದು, ಕಾಲಿನ ಬಲಕ್ಕೆ ಫಿಸಿಯೋಥೆರಪಿ ಇವು ಅವರಿಗೆ ಸ್ಕ್ಯಾನಿಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಮೂತ್ರ ತಡೆಯಲಾಗದಿರುವುದು, ಮರೆವು, ಊಟ ಬೇಡವೆನ್ನುವುದು, ಯಾರ ಜತೆಗೂ ಮಾತು ಬೇಡವೆನ್ನುವುದು ಇವನ್ನು ‘ವಯಸ್ಸಾಯ್ತಲ್ಲ’ ಎಂದು ತಳ್ಳಿಹಾಕಬೇಡಿ. ಶುಗರ್ ಮಾತ್ರೆ ತೆಗೆದುಕೊಳ್ಳುವ ಎಂಬತ್ತರ ಅವ್ವನಿಗೆ ಎಚ್‌ಬಿಎ1ಸಿ 6 ಬಂದರೆ ಸಂಭ್ರಮ ಬೇಡ, ರಾತ್ರಿ ಶುಗರ್ ಇಳಿಯುತ್ತಿರಬಹುದು; ಮಾತ್ರೆ ಕಡಿಮೆ ಮಾಡಬೇಕೇ ಎಂದು ಕೇಳಿ. ಹೃದಯದ ತೊಂದರೆ ಇಲ್ಲದವರು 60ರ ನಂತರ ಮುಂಜಾಗ್ರತೆಗೆಂದು ತಾವಾಗಿಯೇ ಆಸ್ಪಿರಿನ್ ಶುರುಮಾಡಬಾರದು, ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ವೈದ್ಯರು ಈಗಾಗಲೇ ಕೊಟ್ಟಿದ್ದರೆ ಕೇಳದೆ ನಿಲ್ಲಿಸಲೂಬಾರದು.

ರಿಪೋರ್ಟ್ ಬಂದ ಮೇಲೆ

ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ಫೋನ್ ಬದಲಾದಾಗ ಕಳೆದುಹೋಗುತ್ತದೆ. ಒಂದು ಉದ್ದ ನೋಟ್‌ಬುಕ್ ಇಡಿ. ಅಡ್ಡಕ್ಕೆ ವರ್ಷ, ಉದ್ದಕ್ಕೆ ಹತ್ತೇ ಸಾಲು: ತೂಕ, ಸೊಂಟ, ಬಿಪಿ, ಖಾಲಿ ಹೊಟ್ಟೆ ಶುಗರ್, ಎಚ್‌ಬಿಎ1ಸಿ, ಎಲ್‌ಡಿಎಲ್, ಟ್ರೈಗ್ಲಿಸರೈಡ್, ಇಜಿಎಫ್‌ಆರ್, ಮೂತ್ರದ ಅಲ್ಬುಮಿನ್, ಹಿಮೋಗ್ಲೋಬಿನ್. ಇಜಿಎಫ್‌ಆರ್ 95, 84, 72 ಎಂದು ಇಳಿಯುತ್ತಿದ್ದರೆ ಮೂರೂ ಸಲ ‘ನಾರ್ಮಲ್’ ಎಂದೇ ಬಂದಿರಬಹುದು. ಇಳಿಜಾರು ಕಾಣುವುದು ಈ ಪುಸ್ತಕದಲ್ಲಿ ಮಾತ್ರ. ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸಿ, ಯಂತ್ರ ಬದಲಾದರೂ ಅಂಕಿ ಸ್ವಲ್ಪ ಅಲುಗಾಡುತ್ತದೆ.

ಮೈಸೂರಿನ ದೊಡ್ಡಾಸ್ಪತ್ರೆ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ತೋರಿಸಲು ಹೋದಾಗ ಸರದಿ ಉದ್ದ, ವೈದ್ಯರಿಗೆ ಸಿಗುವ ಸಮಯ ಕಡಿಮೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಹಾಳೆ, ನೋಟ್‌ಬುಕ್, ಮಾತ್ರೆಯ ಚೀಲ ಮುಂದಿಟ್ಟು ಮೂರೇ ಪ್ರಶ್ನೆ ಕೇಳಿ: ಇದರಲ್ಲಿ ಈಗಲೇ ನೋಡಬೇಕಾದ್ದು ಯಾವುದು? ಮಾತ್ರೆ ಬೇಕೇ, ಊಟ ನಡಿಗೆಯಲ್ಲಿ ಮೂರು ತಿಂಗಳು ಪ್ರಯತ್ನಿಸಬಹುದೇ? ಮತ್ತೆ ಯಾವಾಗ, ಯಾವ ಪರೀಕ್ಷೆ?

ಕೊನೆಯ ಪ್ರಶ್ನೆಗೆ ಉತ್ತರ ಔಷಧಿಯ ಮೇಲೆ ನಿಂತಿದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಹಾಗಾಗಿ ಎಚ್‌ಬಿಎ1ಸಿಯನ್ನು ಮೂರು ತಿಂಗಳಿಗೆ ಮುಂಚೆ ಮತ್ತೆ ಮಾಡಿಸಿದರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಕೊಲೆಸ್ಟ್ರಾಲ್ ಮಾತ್ರೆ ಶುರುವಾದ ಮೇಲೆ 4ರಿಂದ 12 ವಾರಕ್ಕೆ ಒಂದು ಸಲ. ಥೈರಾಯ್ಡ್ ಡೋಸ್ ಬದಲಾದರೆ 6ರಿಂದ 8 ವಾರ. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ ಹೊಸದಾಗಿ ಕೊಟ್ಟಿದ್ದರೆ, ಅದರಲ್ಲೂ ಕಿಡ್ನಿ ಸೊರಗಿರುವವರಿಗೆ, ಒಂದೆರಡು ವಾರದಲ್ಲೇ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಬೇಕು. ವಾಂತಿ ಭೇದಿಯಾಗಿ ಮೈಯ ನೀರು ಇಳಿದ ದಿನ ಆ ಮಾತ್ರೆಯನ್ನು ತಡೆಹಿಡಿಯಬೇಕೇ ಎಂದು ವೈದ್ಯರಿಗೆ ಅವತ್ತೇ ಫೋನ್ ಮಾಡಿ ಕೇಳಿ.